ಇಥಿಯೋಪಿಯಾದ ಅಕ್ಕ ಧಾರವಾಡದಲ್ಲಿ ಹಡೆದದ್ದು

ಲಕಮನಹಳ್ಳಿಯ ಕಾರ್ಖಾನೆಗಳ ಹಿಂಭಾಗದ ಬಡಾವಣೆಯಲ್ಲಿ ಅಪ್ಪ ಮನೆ ಕಟ್ಟಿಸಿದಾಗ ಮೇಲೆ ಒಂದು ಖೋಲಿಯನ್ನೂ ಹಾಕಿಸಿದ್ದ. ಅದಕ್ಕೆ ಹೊರಗಿನಿಂದಲೇ ಮೆಟ್ಟಿಲು, ಒಳಗೊಂದು ಅಡುಗೆಕಟ್ಟೆ, ಮುಂದೆ ಬಟ್ಟೆ ಒಣಹಾಕುವಷ್ಟು ಬಯಲು. ಕಾರ್ಖಾನೆಗೆ ಹೋಗುವ ಹುಡುಗರು ಬಾಡಿಗೆಗೆ ಬಂದು ಇದ್ದು ಹೋಗುತ್ತಿದ್ದರು. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ನಾನು ಬಿ.ಎ. ಎರಡನೇ ವರ್ಷದಲ್ಲಿದ್ದೆ. ಆ ಮಳೆಗಾಲದಲ್ಲಿ ಖೋಲಿ ಖಾಲಿಯಿತ್ತು.

ಒಂದು ರವಿವಾರ ಬೆಳಿಗ್ಗೆ ನನ್ನ ಗೆಳತಿಯ ಅಣ್ಣ ಒಬ್ಬಳನ್ನು ಕರೆದುಕೊಂಡು ಬಂದ. ಅವನು ಕೃಷಿ ಕಾಲೇಜಿನಲ್ಲಿ ಓದುತ್ತಿದ್ದ. ಅವನ ಹಿಂದೆ ಗೇಟಿನ ಹೊರಗೇ ನಿಂತಿದ್ದವಳು ಎತ್ತರದ, ತೆಳ್ಳಗಿನ ಹೆಣ್ಣುಮಗಳು. ತಲೆಗೂದಲನ್ನು ಸಣ್ಣ ಸಣ್ಣ ಜಡೆ ಹೆಣೆದು ಹಿಂದಕ್ಕೆ ಕಟ್ಟಿದ್ದಳು. ಹೆಗಲ ಮೇಲೆ ಬಣ್ಣದ ಅಂಚಿನ ಬಿಳಿ ಹತ್ತಿಯ ವಸ್ತ್ರ. ಇಥಿಯೋಪಿಯಾದವಳು, ಅಲ್ಲಿ ಸರಕಾರಿ ನೌಕರಿಯಲ್ಲಿದ್ದಾಳೆ, ಜೋಳಕ್ಕೆ ಬೀಳುವ ಹುಳದ ಮೇಲೆ ಎಂ.ಎಸ್ಸಿ. ಮಾಡಲು ಅವರ ಸರಕಾರವೇ ಕಳಿಸಿದೆ ಎಂದು ಅವನು ಹೇಳಿದ. ಹಾಸ್ಟೆಲ್ಲಿನ ಊಟ ಹೊಟ್ಟೆಗೆ ಒಗ್ಗಿರಲಿಲ್ಲ. ತಾನೇ ಬೇಯಿಸಿಕೊಂಡು ತಿನ್ನಲು ಒಂದು ಖೋಲಿ ಬೇಕಾಗಿತ್ತು. ಕಾಲೇಜಿನ ಹತ್ತಿರದ ಓಣಿಗಳಲ್ಲೆಲ್ಲ ತಿರುಗಾಡಿದ್ದರಂತೆ. ಕೆಲವರು ಬಾಗಿಲಲ್ಲೇ ಇಲ್ಲ ಎಂದರು. ಕೆಲವರು ಒಳಗೆ ಕರೆದು ಮನೆ ತೋರಿಸಿ, ಹೆಸರು ಊರು ಕೇಳಿ, ಆಮೇಲೆ ಇಲ್ಲ ಎಂದರು.

ಈ ಎರಡನೆಯ ಬಗೆಯವರ ಮಾತು ಬಂದಾಗ ಅವ್ವ ಕೈಯಲ್ಲಿದ್ದ ಮೊರ ಕೆಳಗಿಟ್ಟಳು.

ಅದಕ್ಕೆ ಕಾರಣವಿತ್ತು. ನಾನು ಸಣ್ಣವಳಿದ್ದಾಗ, ಎಂಬತ್ತರ ದಶಕದ ನಡುವಿನಲ್ಲಿ, ಅಪ್ಪನಿಗೆ ಧಾರವಾಡಕ್ಕೆ ವರ್ಗವಾಗಿತ್ತು. ಅವನು ಸರಕಾರಿ ಕಚೇರಿಯ ಗುಮಾಸ್ತ. ನನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಅವ್ವ, ಮುಂದೆ ಅಪ್ಪ, ಹೀಗೆ ನಾವು ಬಾಡಿಗೆ ಮನೆ ಹುಡುಕುತ್ತಾ ಓಣಿ ಓಣಿ ಸುತ್ತಿದ್ದೆವು. ಮನೆ ತೋರಿಸುತ್ತಿದ್ದರು, ನೀರು ಕೊಡುತ್ತಿದ್ದರು, ನೌಕರಿ ಕೇಳಿ ಸಂತೋಷಪಡುತ್ತಿದ್ದರು. ಕೊನೆಗೆ ‘ನೀವು ಯಾ ಪೈಕಿ?’ ಎಂಬ ಪ್ರಶ್ನೆ ಬರುತ್ತಿತ್ತು. ಅಪ್ಪ ಬೌದ್ಧ ಧರ್ಮಕ್ಕೆ ಸೇರಿದವನು, ಸುಳ್ಳು ಹೇಳುವವನಲ್ಲ. ಉತ್ತರ ಕೇಳಿದ ಮೇಲೆ ಮನೆಗೆ ಸಂಬಂಧಿಕರು ಬರುವವರಿದ್ದಾರೆ ಎಂದೋ, ಸುಣ್ಣ ಹಚ್ಚುವುದಿದೆ ಎಂದೋ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಆಗಲೇ ಅಪ್ಪ ಸ್ವಂತ ಮನೆ ಕಟ್ಟಿಸುವ ಹಟ ಹಿಡಿದಿದ್ದು.

ಆದರೆ ಆ ರವಿವಾರ ಅಳುಕಿದವನು ಅಪ್ಪನೇ.

‘ನೋಡು, ಪರದೇಶದಾಕಿ,’ ಎಂದು ಅವ್ವನನ್ನು ಒಳಗೆ ಕರೆದು ಮೆಲ್ಲಗೆ ಹೇಳಿದ. ‘ಪೊಲೀಸರ ಕಡೆ ಹೆಸರು ಬರಸಬೇಕಾಕ್ಕೈತಿ. ನಂದು ಸರಕಾರಿ ನೌಕರಿ. ನಾಳೆ ಏನಾರ ತಕರಾರ ಆತಂದ್ರ?’

‘ಏನ್ ತಕರಾರ ಆಕ್ಕೈತ್ರಿ? ಜ್ವಾಳದ ಹುಳ ನೋಡಾಕ ಬಂದಾಳ ಆಕಿ, ಬಂಗಾರ ಕದಿಯಾಕಲ್ಲ,’ ಎಂದ ಅವ್ವ ಹೊರಗೆ ಬಂದು ನನ್ನ ಕಡೆ ತಿರುಗಿದಳು. ಮನೆಯಲ್ಲಿ ಇಂಗ್ಲಿಷು ಬರುತ್ತಿದ್ದುದು ನನಗೊಬ್ಬಳಿಗೇ. ‘ಆಕೀನ ಕೇಳು. ಇಲ್ಲೆ ನೀರು ದಿನಾ ಬರಂಗಿಲ್ಲ. ಬಂದಾಗ ತುಂಬಿಟ್ಕೋಬೇಕು. ನಡೀತೈತೇನು?’

ನಾನು ಕೇಳಿದೆ. ಅವಳು ಮೊದಲ ಸಲ ನಕ್ಕಳು. ತಾನು ಬೆಳೆದ ಊರಲ್ಲಿ ನೀರು ಬೆಟ್ಟದ ಕೆಳಗಿನಿಂದ ಹೊತ್ತು ತರಬೇಕಿತ್ತು, ಇಲ್ಲಿ ಅದು ತಾನಾಗಿಯೇ ಮನೆಯ ತನಕ ಬರುತ್ತದಲ್ಲ ಎಂದಳು. ಅವ್ವ ಬೇರೆ ಏನನ್ನೂ ಕೇಳಲಿಲ್ಲ. ಕೀಲಿ ತಂದು ಅವಳ ಕೈಯಲ್ಲಿಟ್ಟಳು.

ಪೊಲೀಸು ಕಚೇರಿಗೆ ಅಪ್ಪನೇ ಅವಳ ಜೊತೆ ಹೋದ. ಹಿಂದಿನ ದಿನ ಇಸ್ತ್ರಿ ಹಾಕಿಸಿದ ಅಂಗಿ ತೊಟ್ಟು, ಬೇಕಾದ್ದು ಬೇಡವಾದ್ದು ಎಲ್ಲ ಕಾಗದ ಒಯ್ದಿದ್ದ. ಎರಡು ದಿನದ ಮೇಲೆ ಒಬ್ಬ ಕಾನ್‌ಸ್ಟೇಬಲ್ ಸೈಕಲ್ ಮೋಟಾರಿನಲ್ಲಿ ಮನೆ ನೋಡಲು ಬಂದರು. ದಪ್ಪ ಮೀಸೆಯ, ನಿಧಾನ ಮಾತಿನ ಮನುಷ್ಯ. ಅಪ್ಪ ಎದ್ದು ನಿಂತೇ ಮಾತಾಡಿದ. ಕಾನ್‌ಸ್ಟೇಬಲ್ ಚಹಾ ಕುಡಿದು, ಮೇಲಿನ ಖೋಲಿ ನೋಡಿ, ‘ತಂಗೀ, ನಿಮ್ಮ ಊರಾಗೂ ಜ್ವಾಳ ಬೆಳೀತಾರ?’ ಎಂದು ಕೇಳಿದರು. ನಾನು ಅನುವಾದಿಸಿದೆ. ಬೆಳೆಯುತ್ತಾರೆ ಎಂದು ತಿಳಿದಾಗ ಅವರಿಗೆ ಅದೆಂಥದೋ ನಂಬಿಕೆ ಬಂದಂತೆ ಕಂಡಿತು. ‘ಹಂಗಾರ ಚಿಂತಿಲ್ಲ ಬಿಡ್ರಿ,’ ಎಂದು ಅಪ್ಪನಿಗೆ ಹೇಳಿ ಹೊರಟರು. ಆಮೇಲೆ ಮಾರ್ಕೆಟ್ಟಿನಲ್ಲಿ ಅವಳು ಕಂಡಾಗಲೆಲ್ಲ ‘ಆರಾಮ ಏನ್ವಾ?’ ಎಂದು ವಿಚಾರಿಸುತ್ತಿದ್ದರು. ಪೊಲೀಸರು ಹಾಗೆ ಮಾತಾಡಿಸುತ್ತಾರೆಂದು ತನ್ನ ದೇಶದಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ ಎಂದು ಅವಳು ನನ್ನೆದುರು ಹೇಳಿದ್ದಳು.

ನಾನು ಅವಳನ್ನು ಅಕ್ಕಾ ಎಂದು ಕರೆಯಹತ್ತಿದೆ. ಅವಳು ನನ್ನಿಂದ ಕೇಳಿ ಕೇಳಿ ಅವ್ವನಿಗೆ ಅವ್ವಾ ಎಂದೂ, ಅಪ್ಪನಿಗೆ ಮಾತ್ರ ಯಾರೋ ಹೇಳಿಕೊಟ್ಟಂತೆ ಕಾಕಾ ಎಂದೂ ಕರೆದಳು. ಮೊದಲ ತಿಂಗಳು ಅವ್ವನ ಮಾತು ಅವಳಿಗೆ, ಅವಳ ಮಾತು ಅವ್ವನಿಗೆ ತಲುಪಿಸುವುದೇ ನನ್ನ ಕೆಲಸವಾಗಿತ್ತು. ಓದು ಬಿಟ್ಟು ಮೆಟ್ಟಿಲು ಹತ್ತಿ ಇಳಿದು ಸಾಕಾಗುತ್ತಿತ್ತು. ದೀಪಾವಳಿಯ ಹೊತ್ತಿಗೆ ಅವರಿಬ್ಬರೂ ನನ್ನನ್ನು ಕರೆಯುವುದನ್ನೇ ಬಿಟ್ಟರು. ಕಾಲೇಜಿನ ಹೊಲದಲ್ಲಿ ಕಳೆ ತೆಗೆಯುವ ಹೆಣ್ಣುಮಕ್ಕಳಿಗೆ ಇಂಗ್ಲಿಷು ಬರುತ್ತಿರಲಿಲ್ಲ, ಬಸ್ಸಿನ ಕಂಡಕ್ಟರನಿಗೂ ಅಷ್ಟಕ್ಕಷ್ಟೆ, ಕಾಯಿಪಲ್ಲೆ ಮಾರುವ ಮುದುಕಿಗಂತೂ ಇಲ್ಲವೇ ಇಲ್ಲ. ಅವಳ ಮಾತು ತಪ್ಪಿದರೆ ಆ ಮುದುಕಿ ತಿದ್ದಿ, ಸರಿಯಾಗಿ ಹೇಳಿದ ಮೇಲೇ ಕೊತ್ತಂಬರಿ ಕೊಡುತ್ತಿದ್ದಳಂತೆ. ‘ಭಾಳ ತುಟ್ಟಿ ಆತು, ಬ್ಯಾಡ್ರಿ’ ಎಂದು ಅಕ್ಕ ಮೊದಲ ಸಲ ಅಂದಾಗ ಸಂತೆಯ ಆ ಸಾಲೆಲ್ಲ ನಕ್ಕಿತ್ತು.

ಎಲ್ಲವೂ ಸುಖವಾಗಿಯೇ ಇತ್ತೆಂದರೆ ಸುಳ್ಳಾದೀತು. ಓಣಿಯ ಹುಡುಗರು ಅವಳ ಬಣ್ಣ ನೋಡಿ ಹಿಂದಿನಿಂದ ಕೂಗುತ್ತಿದ್ದರು. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯೇ ಉಳಿಯುತ್ತಿದ್ದ ದಿನಗಳಿದ್ದವು. ಮದುವೆಯಾಗಿದೆಯೇ, ಗಂಡ ಯಾಕೆ ಬಂದಿಲ್ಲ, ಹಣೆಗೆ ಯಾಕೆ ಹಚ್ಚುವುದಿಲ್ಲ ಎಂದು ಎಲ್ಲರೂ ಎಲ್ಲವನ್ನೂ ಕೇಳುತ್ತಿದ್ದರು. ಮದುವೆಯಾಗಿತ್ತು, ಗಂಡ ಅಲ್ಲಿ ಶಾಲೆಯ ಮಾಸ್ತರ. ಅದನ್ನು ಹೇಳಿ ಹೇಳಿ ಅವಳಿಗೆ ಬಾಯಿಪಾಠವಾಗಿತ್ತು.

ಅವಳ ಊರಿನ ಹುಳಿ ರೊಟ್ಟಿಗೆ ಬೇಕಾದ ಕಾಳು ಇಲ್ಲಿ ಸಿಗುತ್ತಿರಲಿಲ್ಲ. ಒಂದು ದಿನ ಜೋಳದ ಹಿಟ್ಟು ಕಲಸಿ ಮೂರು ದಿನ ಹುಳಿಗೆ ಬಿಟ್ಟಳು. ಮೆಟ್ಟಿಲ ತನಕ ವಾಸನೆ ಬಂದು ಅವ್ವ ಗಾಬರಿಯಾಗಿ ಮೇಲೆ ಹೋದಳು. ಕಾವಲಿಯ ಮೇಲೆ ದೊಡ್ಡದಾಗಿ ಹರಡಿ, ಮುಚ್ಚಿ ಬೇಯಿಸಿದ ಅದನ್ನು ಮುರಿದು ಬಾಯಿಗಿಟ್ಟುಕೊಂಡು, ‘ಇದು ರೊಟ್ಟಿನೂ ಅಲ್ಲ, ದ್ವಾಸಿನೂ ಅಲ್ಲ. ಆದ್ರ ಛಲೋ ಐತಿ,’ ಎಂದು ತೀರ್ಪು ಕೊಟ್ಟಳು. ಅಂದಿನಿಂದ ನಮ್ಮ ಎಣ್ಣೆಗಾಯಿ ಬದನೆಕಾಯಿ ಮೇಲಕ್ಕೂ ಅವಳ ಹುಳಿ ರೊಟ್ಟಿ ಕೆಳಕ್ಕೂ ಓಡಾಡಹತ್ತಿದವು.

ಬೆಂಗಳೂರಿನಲ್ಲಿ ಅವಳ ಚಿಕ್ಕಪ್ಪನ ಮಗನೊಬ್ಬ ಕಂಪ್ಯೂಟರ್ ಓದುತ್ತಿದ್ದ. ನಮ್ಮ ಮನೆಯ ಫೋನಿಗೆ ಅವನದೇ ಕರೆಗಳು ಬರುತ್ತಿದ್ದವು. ಅಂಥ ಸಣ್ಣ ಊರಲ್ಲಿ ಏನು ಮಾಡುತ್ತೀ, ಇಲ್ಲೂ ಕೃಷಿ ಕಾಲೇಜು ಇದೆ, ಅರ್ಜಿ ಹಾಕಿ ಇಲ್ಲಿಗೇ ಬಾ, ನಮ್ಮವರು ಬಹಳ ಜನ ಇದ್ದೇವೆ ಎಂದು ಅವನ ಒತ್ತಾಯ. ಡಿಸೆಂಬರಿನ ರಜೆಯಲ್ಲಿ ಅವಳು ನೋಡಿಕೊಂಡು ಬರುತ್ತೇನೆಂದು ಹೋದಳು. ಅವ್ವನಿಗೆ ಅವಳು ಅಲ್ಲೇ ಉಳಿದುಬಿಡುತ್ತಾಳೆ ಎನಿಸಿತ್ತು. ಹೋಗುವಾಗ ಶೇಂಗಾ ಚಟ್ನಿಯ ಡಬ್ಬಿ ಕಟ್ಟಿಕೊಟ್ಟಳು, ಅಷ್ಟೆ.

ಒಂದು ವಾರವೆಂದು ಹೋದವಳು ಅದಕ್ಕೂ ಮೊದಲೇ ಬಂದಳು. ಬಂದವಳು ಚೀಲವನ್ನು ನಮ್ಮ ಪಡಸಾಲೆಯಲ್ಲೇ ಇಟ್ಟು ಗೋಡೆಗೆ ಆನಿಕೊಂಡು ಕುಳಿತಳು.

‘ಹೆಂಗಿತ್ತವಾ ಬೆಂಗಳೂರು?’ ಎಂದು ಅವ್ವ ಕೇಳಿದಳು.

‘ಛಲೋ ಇತ್ತವ್ವಾ. ನಮ್ಮ ಊಟ ಸಿಕ್ಕಿತು. ನಮ್ಮ ಮಾತು ಸಿಕ್ಕಿತು,’ ಎಂದಳು. ಮುಂದಿನದನ್ನು ಹೇಳಲು ಅವಳ ಕನ್ನಡ ಸಾಲಲಿಲ್ಲ, ನನ್ನ ಕಡೆ ನೋಡಿ ಇಂಗ್ಲಿಷಿನಲ್ಲಿ ಹೇಳಿದಳು. ಮೊದಲ ದಿನ ತನ್ನವರ ಜೊತೆ ಕೂತು ಉಂಡಾಗ ಕಣ್ಣಲ್ಲಿ ನೀರು ಬಂತಂತೆ. ಇಲ್ಲೇ ಇದ್ದುಬಿಡೋಣ ಎಂದೂ ಅನಿಸಿತಂತೆ. ಆಮೇಲೆ ತಮ್ಮನ ದಿನಚರಿ ನೋಡಿದಳು. ನಾಲ್ಕು ಜನ ಒಂದೇ ಖೋಲಿ. ಕಾಲೇಜಿಗೆ ಹೋಗಿ ಬರುವುದರಲ್ಲೇ ಅರ್ಧ ದಿನ. ಮನೆಯ ಯಜಮಾನ ಯಾರೆಂದು ಅವನು ನೋಡಿಯೇ ಇಲ್ಲ, ಬಾಡಿಗೆ ಒಯ್ಯಲು ಯಾರೋ ಏಜೆಂಟ್ ಬರುತ್ತಾನೆ. ಬಂದು ಮೂರು ವರ್ಷವಾಗಿದ್ದರೂ ಊರಿನ ಮಾತು ಬಾರದು, ಕಲಿಸುವವರಿಗೆ ಅವನ ಮುಖದ ಗುರುತಿಲ್ಲ. ಅವನಿಗೆ ಜ್ವರ ಬಂದು ಮಲಗಿದಾಗ ಎದುರು ಮನೆಯವರಿಗೆ ಗೊತ್ತೇ ಆಗಿರಲಿಲ್ಲ.

‘ನನ್ನ ಸರ್ ಮನೆ ಇಲ್ಲಿ ಕಾಲೇಜಿನ ಬದಿಗೇ ಇದೆ. ಸಂಶಯ ಬಂದರೆ ಸಂಜೆ ಹೋಗಿ ಬಾಗಿಲು ಬಡಿಯುತ್ತೇನೆ. ತರಗತಿಯಿಂದ ಹೊರಗೆ ಕಾಲಿಟ್ಟರೆ ನನ್ನ ಹೊಲ,’ ಎಂದಳು. ‘ಮತ್ತೆ ಇವತ್ತು ಬಸ್ ಇಳಿದಾಗ ಹೂ ಮಾರುವವಳು ನನ್ನನ್ನು ನಿಲ್ಲಿಸಿ ಬೈದಳು, ಹೇಳದೆ ಕೇಳದೆ ಎಲ್ಲಿ ಹೋಗಿದ್ದೆ ಅಂತ.’

ನಾನು ಅಷ್ಟನ್ನೂ ಕನ್ನಡದಲ್ಲಿ ಹೇಳಿದೆ. ಅವ್ವ ಕೇಳಿಸಿಕೊಂಡು, ‘ಕೈಕಾಲು ತೊಳ್ಕೊಂಡು ಬಾ, ರೊಟ್ಟಿ ಬಿಸಿ ಅದಾವು,’ ಎಂದಳು. ಒಳಗೆ ಹೋದ ಮೇಲೆ ಅಂದು ಅವ್ವ ಬಡಿದ ರೊಟ್ಟಿಗಳ ಸದ್ದೇ ಬೇರೆಯಿತ್ತು.

ಜನವರಿ ಕೊನೆಗೆ ಅಕ್ಕ ತನ್ನ ದೇಶಕ್ಕೆ ಹೋಗಿ ಗಂಡನ ಜೊತೆ ಕೆಲವು ವಾರ ಇದ್ದು ಬಂದಳು. ಬಂದ ಮೇಲೆ ಮೊದಲಿನ ಹಾಗೆ ಇರಲಿಲ್ಲ. ಮಾತು ಕಡಿಮೆ, ಊಟ ಕಡಿಮೆ. ಒಂದು ಮಧ್ಯಾಹ್ನ ಅವ್ವ ಒಗ್ಗರಣೆಗೆ ಬೆಳ್ಳುಳ್ಳಿ ಹಾಕಿದ್ದೇ ತಡ, ಅವಳು ಬಾಯಿಗೆ ಬಟ್ಟೆ ಒತ್ತಿಕೊಂಡು ಹಿತ್ತಲಿಗೆ ಓಡಿದಳು. ಅವ್ವ ಒಲೆ ಆರಿಸಿ ಅವಳ ಹಿಂದೆಯೇ ಹೋದಳು.

‘ಖರೇ ಹೇಳ ಮಗಳ, ಎಷ್ಟ್ ತಿಂಗಳಾತು?’

ಅಕ್ಕನಿಗೆ ಪ್ರಶ್ನೆ ತಿಳಿಯಿತು. ಎರಡು ಬೆರಳು ತೋರಿಸಿದಳು. ಆಮೇಲೆ ಹಿತ್ತಲ ಕಟ್ಟೆಯ ಮೇಲೆ ಕುಳಿತು ಅತ್ತಳು. ಮದುವೆಯಾಗಿ ಐದು ವರ್ಷವಾಗಿತ್ತು, ಬೇಡವಾದ ಮಗುವಲ್ಲ. ಆದರೆ ನವೆಂಬರಿನಲ್ಲಿ ಹೆರಿಗೆ. ಅವಳ ಹಿಂಗಾರಿ ಜೋಳಕ್ಕೆ ಸುಳಿ ನೊಣ ಬಿದ್ದು, ಎಳೆಯ ಸಸಿಗಳ ನಡುವಿನ ಎಲೆ ಒಣಗಿದ್ದನ್ನು ಸಾಲು ಸಾಲಾಗಿ ಎಣಿಸಬೇಕಾದದ್ದೂ ನವೆಂಬರಿನಲ್ಲೇ. ಎರಡು ವರ್ಷದ ಓದಿನಲ್ಲಿ ಅದೇ ಮುಖ್ಯವಾದ ವಾರ. ಅದು ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು, ಅಷ್ಟು ದಿನ ಇರಲು ಅವಳ ಸರಕಾರ ಬಿಡುವುದಿಲ್ಲ. ಅವಳ ಓದು ನೋಡಿಕೊಳ್ಳುವ ಸರ್‌ಗೆ ತಿಳಿದರೆ ಊರಿಗೆ ಹೋಗೆನ್ನುತ್ತಾರೆ, ಹೋದರೆ ಮತ್ತೆ ಕಳಿಸುವುದಿಲ್ಲ. ಹೇಳದೆ ಮುಚ್ಚಿಟ್ಟುಕೊಂಡು ವಾರಗಟ್ಟಲೆ ಅವಳು ಇದನ್ನೇ ನೆನೆಯುತ್ತಾ ಒಬ್ಬಳೇ ಮಲಗಿದ್ದಳು.

‘ಮೊದಲ ಆ ಸರ್ ಮನಿಗೆ ಹೋಗಿ ಬರ್ರಿ,’ ಎಂದು ಅವ್ವ ನಮ್ಮಿಬ್ಬರನ್ನೂ ಆ ಸಂಜೆಯೇ ಕಳಿಸಿದಳು. ‘ಏನಂತಾರೋ ಅನ್ನಲಿ. ಅಂದದ್ದು ಕೇಳಿದ ಮ್ಯಾಲ ವಿಚಾರ ಮಾಡೂಣು.’

ಅವಳ ಸರ್ ನಿವೃತ್ತಿಗೆ ಹತ್ತಿರವಾದವರು, ಬಿಳಿ ಕೂದಲು, ಬಿಸಿಲಿಗೆ ಕಂದಿದ ಕೈಗಳು. ಅಂಗಳದಲ್ಲಿ ಗುಲಾಬಿ ಗಿಡಕ್ಕೆ ನೀರು ಹಾಕುತ್ತಿದ್ದರು. ಅಕ್ಕ ನಿಂತಲ್ಲೇ ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದಳು, ಕೊನೆಗೆ ಅತ್ತಳು. ಅವರು ನೀರಿನ ತಂಬಿಗೆ ಕೆಳಗಿಟ್ಟು ಬೆರಳು ಮಡಚಹತ್ತಿದರು.

‘ಬಿತ್ತೋದು ಅಕ್ಟೋಬರ್ ಮೊದಲನೇ ವಾರ,’ ಎಂದು ಅವರು ತಮ್ಮಷ್ಟಕ್ಕೆ ಕನ್ನಡದಲ್ಲೇ ಲೆಕ್ಕ ಹಾಕಿದರು. ಆಮೇಲೆ ನನ್ನನ್ನು ನೋಡಿ, ‘ನೀ ಯಾರವಾ? ಮನಿ ಮಾಲಕರ ಮಗಳೇನು? ಸಸಿ ಎಣಸಾಕ ಬರ್ತದೇನು ನಿನಗ?’ ಎಂದರು.

‘ಕಲಿಸಿದ್ರ ಕಲಿತೀನ್ರಿ,’ ಎಂದೆ.

‘ಮತ್ಯಾಕ ಅಳ್ತಾಳ ಈಕಿ? ಹೊಲದಾಗ ಮಂದಿ ಅದಾರ, ನಾ ಇದ್ದೇನಿ. ಜ್ವಾಳ ಎಲ್ಲಿಗೂ ಓಡಿ ಹೋಗಂಗಿಲ್ಲ,’ ಎಂದು, ಒಳಗಿದ್ದ ಹೆಂಡತಿಯನ್ನು ಕೂಗಿ ಏನಾದರೂ ಸಿಹಿ ತರಲು ಹೇಳಿದರು. ಅಕ್ಕನಿಗೆ ನಾನು ಏನನ್ನೂ ಅನುವಾದಿಸಬೇಕಾಗಲಿಲ್ಲ. ಮರಳಿ ಬರುವಾಗ ಬಸ್ಸಿಗೆ ಕಾಯದೆ ಅರ್ಧ ದಾರಿ ನಡೆದೆವು. ಅವಳು ನಡುನಡುವೆ ನಿಂತು, ಉಸಿರು ಎಳೆದುಕೊಂಡು, ಮತ್ತೆ ನಡೆಯುತ್ತಿದ್ದಳು.

ಬೆಂಗಳೂರಿನ ತಮ್ಮ ಈಗಲೂ ಅಲ್ಲಿಗೇ ಕರೆದ. ದೊಡ್ಡ ದೊಡ್ಡ ಆಸ್ಪತ್ರೆಗಳಿವೆ, ಆ ಊರಲ್ಲಿ ಏನಾದರೂ ಆದರೆ ಯಾರಿದ್ದಾರೆ ಎಂದ. ಅಕ್ಕ ತನ್ನ ಭಾಷೆಯಲ್ಲಿ ಉತ್ತರಿಸಿದಳು. ನನಗೆ ತಿಳಿದದ್ದು ನಡುವೆ ಬಂದ ‘ಅವ್ವ’ ಎಂಬ ಒಂದೇ ಮಾತು.

ತಿಂಗಳು ತಿಂಗಳು ಅವ್ವ ಅವಳನ್ನು ಹೆರಿಗೆ ಮಾಡಿಸುವ ಒಬ್ಬ ಡಾಕ್ಟರ್ ಬಾಯಿಯವರ ಕಡೆ ಕರೆದೊಯ್ಯುತ್ತಿದ್ದಳು. ಎಲ್ಲ ಸರಿಯಾಗಿಯೇ ಇತ್ತು. ರಕ್ತದ ಗುಂಪು ಮಾತ್ರ ಓ ನೆಗೆಟಿವ್ ಎಂದು ಗೊತ್ತಾಯಿತು. ಅದು ಸುಲಭವಾಗಿ ಸಿಗುವುದಿಲ್ಲ, ಹೆರಿಗೆಯ ಹೊತ್ತಿಗೆ ಕೊಡುವವರು ಒಂದಿಬ್ಬರು ಗುರುತಿನಲ್ಲಿರಲಿ ಎಂದು ಡಾಕ್ಟರ್ ಹೇಳಿದರು. ಆ ದಿನ ಊಟಕ್ಕೆ ಕೂತ ಅಪ್ಪ ಅರ್ಧಕ್ಕೇ ಎದ್ದ. ಮರುದಿನ ತನ್ನ ಕಚೇರಿಯಲ್ಲೆಲ್ಲ ವಿಚಾರಿಸಿದ. ಯಾರೂ ಸಿಗಲಿಲ್ಲ. ಕೊನೆಗೆ, ಯಾವ ಬಾಗಿಲಿಗೆ ಹೋಗಲು ಹೆದರಿದ್ದನೋ ಅದೇ ಪೊಲೀಸು ಕಚೇರಿಗೆ ಹೋಗಿ ಆ ಕಾನ್‌ಸ್ಟೇಬಲ್ಲರನ್ನು ಕಂಡ.

‘ಅಷ್ಟ ಏನ್ರಿ?’ ಎಂದರಂತೆ ಅವರು. ‘ನಮ್ಮ ಪೊಲೀಸ್ ಮಂದಿದೆಲ್ಲಾ ರಕ್ತದ ಗುಂಪು ಬರದಿಟ್ಟಿರ್ತಾರ. ಹುಡುಕಿ ಹೇಳ್ತೇನಿ. ನಮ್ಮ ಜ್ವಾಳದ ಹುಡುಗೀಗೆ ಇಷ್ಟೂ ಮಾಡಲಿಲ್ಲಂದ್ರ ಹೆಂಗ?’

ಆ ವಾರದಲ್ಲೇ ಇಬ್ಬರ ವಿಳಾಸ ಸಿಕ್ಕಿತು. ಅಪ್ಪ ಇಬ್ಬರ ಮನೆಗೂ ಹೋಗಿ ಮಾತಾಡಿಸಿ ಬಂದ.

ಅಕ್ಟೋಬರಿನಲ್ಲಿ ಹದವಾಗಿ ಬಿತ್ತನೆಯಾಯಿತು. ನಾನು ದಿನಾ ಕಾಲೇಜು ಮುಗಿಸಿಕೊಂಡು ಅವಳ ಹೊಲಕ್ಕೆ ಹೋಗಿ ಕೆಲಸ ಕಲಿತೆ. ಸಸಿಯ ನಡುವಿನ ಸುಳಿ ಹಿಡಿದು ಮೆಲ್ಲಗೆ ಎಳೆದರೆ, ಹುಳ ತಿಂದದ್ದು ಹಗುರಾಗಿ ಕಿತ್ತು ಕೈಗೆ ಬರುತ್ತದೆ, ಬುಡದಲ್ಲಿ ಕೊಳೆತ ವಾಸನೆ. ಎಣಿಸುವ ಮೊದಲ ದಿನ ತಾನೂ ಇರಬೇಕೆಂದು ಅಕ್ಕ ಹಟ ಹಿಡಿದಳು. ಡಾಕ್ಟರು ಹೇಳಿದ ದಿನಕ್ಕೆ ಇನ್ನೂ ವಾರದ ಮೇಲಿತ್ತು. ಸರ್ ಬೇಡವೆಂದರೂ ಕೇಳಲಿಲ್ಲ. ಅವ್ವ ಬುತ್ತಿ ಕಟ್ಟಿಕೊಂಡು ಜೊತೆಗೇ ಬಂದಳು. ಬದುವಿನ ಮೇಲಿನ ಬೇವಿನ ಗಿಡದ ಕೆಳಗೆ ಇಬ್ಬರನ್ನೂ ಕೂರಿಸಿ ನಾನೂ ಹೊಲದ ಹೆಣ್ಣುಮಕ್ಕಳೂ ಸಾಲಿಗೆ ಇಳಿದೆವು. ನಾನು ಕೂಗಿ ಹೇಳುವುದು, ಅಕ್ಕ ಕುಳಿತಲ್ಲೇ ಬರೆದುಕೊಳ್ಳುವುದು.

ಬಿಸಿಲು ಏರುವ ಹೊತ್ತಿಗೆ ನಾನು ಕೂಗಿದ್ದಕ್ಕೆ ಉತ್ತರ ಬರಲಿಲ್ಲ. ತಿರುಗಿ ನೋಡಿದರೆ ಅವಳು ಗಿಡದ ಬೊಡ್ಡೆ ಹಿಡಿದು ಬಗ್ಗಿ ನಿಂತಿದ್ದಳು. ಅವ್ವ ಅವಳ ಬೆನ್ನು ಒತ್ತುತ್ತಾ, ‘ಏ, ಲಗೂ ಜೀಪ್ ಕರೀರಿ!’ ಎಂದು ಕೂಗಿದಳು. ಹೊಲದ ಆಚೆ ಗೊಬ್ಬರ ಇಳಿಸುತ್ತಿದ್ದ ಕಾಲೇಜಿನ ಜೀಪು ಬದುವಿನ ಮೇಲೇ ಬಂತು. ನಾನೂ ಹತ್ತಲು ಹೋದೆ. ಅಕ್ಕ ನನ್ನ ಕೈ ಹಿಡಿದು, ‘ನೀ ಬರಬ್ಯಾಡ. ಎಣಿಸು,’ ಎಂದಳು.

ಜೀಪು ಹೋಯಿತು. ನಾನು ಸಾಲಿಗೆ ಮರಳಿದೆ. ಅಂದು ಹೇಗೆ ಎಣಿಸಿದೆನೋ, ಈಗ ನೆನೆದರೆ ಆಶ್ಚರ್ಯವಾಗುತ್ತದೆ. ಕೈ ಸುಳಿ ಎಳೆಯುತ್ತಿತ್ತು, ಕಿವಿ ರಸ್ತೆಯ ಕಡೆ. ಹೊಲದ ಹೆಣ್ಣುಮಕ್ಕಳಲ್ಲಿ ಹಿರಿಯಳೊಬ್ಬಳು ನನ್ನ ಪಕ್ಕದ ಸಾಲು ಹಿಡಿದು, ‘ಚೊಚ್ಚಿಲ ಹೆರಿಗಿ, ತಡಾ ಆಕ್ಕೈತಿ. ನೀ ನಿನ್ನ ಸಾಲು ಬಿಡಬ್ಯಾಡ,’ ಎನ್ನುತ್ತಿದ್ದಳು. ಮಧ್ಯಾಹ್ನ ಸರ್ ಬಂದು ಮೂಲೆಯ ಮಡಿ ತಾವೇ ಎಣಿಸಿದರು. ಬುತ್ತಿ ಯಾರೂ ಬಿಚ್ಚಲಿಲ್ಲ.

ಬಿಸಿಲು ಇಳಿಯುವಾಗ ಜೀಪಿನ ಸದ್ದು ಕೇಳಿಸಿತು. ಡ್ರೈವರ್ ಗಾಡಿ ರಸ್ತೆಯಲ್ಲೇ ನಿಲ್ಲಿಸಿ, ಹೊಲದ ಅಂಚಿನಿಂದಲೇ ಎರಡೂ ಕೈ ಮೇಲೆತ್ತಿ ಕೂಗಿದ: ‘ಹೆಣ್ಣು! ಹೆಣ್ಣಾತ್ರಿ! ಇಬ್ರೂ ಆರಾಮ ಅದಾರ!’

ನಾನು ನಿಂತಲ್ಲೇ ಮಣ್ಣಿನ ಮೇಲೆ ಕುಳಿತುಬಿಟ್ಟೆ. ಹೊಲದ ಹೆಣ್ಣುಮಕ್ಕಳು ನಗುತ್ತಿದ್ದರು, ಒಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಸರ್ ಕನ್ನಡಕ ತೆಗೆದು ಅಂಗಿಗೆ ಒರೆಸಿ, ಮತ್ತೆ ಹಾಕಿಕೊಂಡು, ‘ಉಳಿದದ್ದು ನಾಳೆ ಎಣಸೂಣು. ಈಗ ಎಲ್ಲಾರೂ ಉಣ್ರಿ,’ ಎಂದರು.

ಆಸ್ಪತ್ರೆಗೆ ಹೋದಾಗ ಮೆಟ್ಟಿಲ ಮೇಲೆ ಅಪ್ಪ, ಕಾನ್‌ಸ್ಟೇಬಲ್ ಮತ್ತು ಇನ್ನಿಬ್ಬರು ಕುಳಿತು ಚಹಾ ಕುಡಿಯುತ್ತಿದ್ದರು. ರಕ್ತ ಬೇಕಾಗಿರಲಿಲ್ಲ. ಕೊಡಲೆಂದು ಬಂದವರು ಮಡಚಿದ್ದ ಅಂಗಿಯ ತೋಳು ಇಳಿಸಿಕೊಂಡಿದ್ದರು. ಅಪ್ಪ ಅವರಿಗೆ ಮತ್ತೆ ಮತ್ತೆ ಬಿಸ್ಕೀಟು ಕೊಡುತ್ತಿದ್ದ. ಒಳಗೆ ಅಕ್ಕ ಕಣ್ಣು ಮುಚ್ಚಿ ಮಲಗಿದ್ದಳು. ನಾನು ಹೋದದ್ದು ತಿಳಿದು, ಕಣ್ಣು ತೆರೆಯದೆಯೇ, ‘ಎಣಿಸಿದಿ?’ ಎಂದಳು. ಬಹಳಷ್ಟು ಆಯಿತು, ಉಳಿದದ್ದು ನಾಳೆ ಎಂದೆ. ‘ಛಲೋ,’ ಎಂದು ಹಾಗೆಯೇ ನಿದ್ದೆ ಹೋದಳು.

ಬಾಣಂತನ ನಮ್ಮ ಮನೆಯಲ್ಲೇ ಆಯಿತು. ಮೆಟ್ಟಿಲು ಹತ್ತುವುದು ಬೇಡವೆಂದು ನನ್ನ ಖೋಲಿಯನ್ನೇ ಅವಳಿಗೆ ಬಿಟ್ಟುಕೊಟ್ಟು ನಾನು ಮೇಲಕ್ಕೆ ಹೋದೆ. ಅವ್ವ ಮದುವೆಗೆ ಮುಂಚೆ ಗರಗದ ಖಾದಿ ಕೇಂದ್ರದಲ್ಲಿ ನೂಲುತ್ತಿದ್ದವಳು. ಅಲ್ಲಿಂದ ತಂದು ಉಟ್ಟು ತೊಳೆದು ಮೆತ್ತಗಾದ ಹಳೆಯ ಖಾದಿ ಸೀರೆಗಳನ್ನು ಹರಿದು ಕೂಸಿನ ಬಟ್ಟೆ ಮಾಡಿದಳು. ಎಣ್ಣೆ ಹಚ್ಚಿ ಸುಡುಸುಡು ನೀರು ಹಾಕುವಾಗ ಅಕ್ಕ ಕೂಗಿಕೊಳ್ಳುತ್ತಿದ್ದಳು, ಲೋಬಾನದ ಹೊಗೆ ಹಾಕಿದಾಗ ಮಾತ್ರ, ನಮ್ಮಲ್ಲೂ ಹೀಗೆಯೇ ಎಂದು ಸುಮ್ಮನಾಗುತ್ತಿದ್ದಳು. ತನ್ನ ಊರಲ್ಲಿ ಹಡೆದವಳಿಗೆ ಗಟ್ಟಿ ಗಂಜಿ ಕಾಸಿ, ನಡುವೆ ಕುಣಿ ಮಾಡಿ ತುಪ್ಪ ಸುರಿದು, ನೆರೆಯ ಹೆಂಗಸರನ್ನೆಲ್ಲ ಕರೆದು ಉಣ್ಣಿಸುತ್ತಾರೆ ಎಂದು ಅವಳು ಒಮ್ಮೆ ಹೇಳಿದಳು. ಮರುದಿನವೇ ಅವ್ವ ದೊಡ್ಡ ಪಾತ್ರೆಯಲ್ಲಿ ಜೋಳದ ನುಚ್ಚು ಕುದಿಸಿ, ನಡುವೆ ತುಪ್ಪ ತುಂಬಿ, ಓಣಿಯ ಮನೆಮನೆಗೂ ಹೇಳಿಕಳಿಸಿದಳು.

ಎಲ್ಲರೂ ಬಂದರು. ಅವಳ ಬಣ್ಣದ ಬಗ್ಗೆ ಪಿಸುಗುಟ್ಟಿದ್ದವರೂ ಬಂದರು. ನಮ್ಮ ಮನೆಯಲ್ಲಿ ಅದುವರೆಗೆ ನೀರು ಕುಡಿಯದವರೂ ಇಬ್ಬರು ಬಂದು, ಬುದ್ಧನ ಪಟದ ಕೆಳಗೆ ಕುಳಿತು, ಅದೇ ಪಾತ್ರೆಯಿಂದ ಉಂಡರು. ಅವರು ಹೋದ ಮೇಲೆ ಅವ್ವ ಏನಾದರೂ ಹೇಳುತ್ತಾಳೆಂದು ನಾನು ಕಾದೆ. ಅವಳು ಪಾತ್ರೆ ತೊಳೆಯುತ್ತಾ, ‘ತುಪ್ಪ ಸಾಲಲಿಲ್ಲ ನೋಡು,’ ಎಂದಳಷ್ಟೆ.

ನಾನು ಆ ದಿನಗಳ ಬಗ್ಗೆ ಬಹಳ ಯೋಚಿಸಿದ್ದೇನೆ. ಯಾವ ಊರು ಎಲ್ಲರನ್ನೂ ಎಲ್ಲವನ್ನೂ ಕೇಳುತ್ತದೆಯೋ, ಕೇಳಿ ನನ್ನ ಅಪ್ಪ ಅವ್ವನ ಮುಖದ ಮೇಲೆ ಬಾಗಿಲು ಹಾಕಿತ್ತೋ, ಅದೇ ಊರು ಹೀಗೆ ಕೇಳುತ್ತಲೇ ಅವಳನ್ನು ಒಂಟಿಯಾಗಿ ಬಿಡಲಿಲ್ಲ. ಎರಡೂ ಖರೆ. ಒಂದನ್ನು ಹೇಳಿ ಇನ್ನೊಂದನ್ನು ಬಿಡಲು ನನಗೆ ಆಗುವುದಿಲ್ಲ. ಆದರೂ, ದೂರದಿಂದ ಓದಲು ಬರುವವರು ಎಲ್ಲಿ ಇದ್ದರೆ ಒಳ್ಳೆಯದು ಎಂದು ಯಾರಾದರೂ ಕೇಳಿದರೆ, ನಾನು ಸರ್ ಮನೆಯ ಬಾಗಿಲಿಗೆ ನಡೆದು ಹೋಗಬಹುದಾದ ಊರಿನ ಹೆಸರನ್ನೇ ಹೇಳುತ್ತೇನೆ.

ಕೂಸಿಗೆ ತಿಂಗಳಾದಾಗ ಬೆಂಗಳೂರಿನ ತಮ್ಮ ನೋಡಲು ಬಂದ. ಅಕ್ಕ ಅವನನ್ನು ಮಾರ್ಕೆಟ್ಟಿಗೆ ಕರೆದೊಯ್ದು, ಅವನಿಗೆ ಬೇಕಾದ ಸ್ವೆಟರನ್ನು ಕನ್ನಡದಲ್ಲಿ ಚೌಕಾಸಿ ಮಾಡಿ ಕೊಡಿಸಿದಳಂತೆ. ಅವನು ಬಂದು ನನ್ನೆದುರು, ‘ನಾನು ಇಂಡಿಯಾದಲ್ಲಿ ಇರುವುದು ನಾಲ್ಕು ವರ್ಷದಿಂದ, ಇವಳು ಒಂದೂವರೆ ವರ್ಷದಿಂದ,’ ಎಂದು ಇಂಗ್ಲಿಷಿನಲ್ಲಿ ಹೇಳಿ ತಲೆ ಅಲ್ಲಾಡಿಸಿದ. ಹೋಗುವ ದಿನವನ್ನು ಎರಡು ಸಲ ಮುಂದೂಡಿದ.

ಸುಗ್ಗಿಯಾಗಿ, ಅಕ್ಕ ಬರೆಯುವುದೆಲ್ಲ ಬರೆದು, ಪರೀಕ್ಷಕರು ಬಂದು ಹೋಗಿ, ಪಾಸಾದದ್ದು ಮಳೆಗಾಲದ ಶುರುವಿಗೆ. ಆ ತನಕ ಕೂಸು ಅವ್ವನ ಮಡಿಲಲ್ಲಿ ಬೆಳೆಯಿತು. ಕರೆದೊಯ್ಯಲು ಗಂಡ ಬಂದ. ಮೃದು ಮಾತಿನ ಮಾಸ್ತರ, ಕೈ ತೊಳೆದುಕೊಂಡು ಬಂದು ಕೂಸನ್ನು ಮೊದಲ ಸಲ ಎತ್ತಿಕೊಂಡ. ಅದು ಅವನನ್ನು ನೋಡಿ ಅತ್ತು ಅವ್ವನ ಕಡೆ ಕೈ ಚಾಚಿತು. ಅವನಿಗೆ ಬೇಸರವಾದೀತೆಂದು ಅವ್ವ ಒಳಗೆ ಹೋಗಿ ಮರೆಯಾದಳು. ಎರಡು ದಿನದಲ್ಲಿ ಕೂಸು ತನ್ನ ಅಪ್ಪನಿಗೆ ಹೊಂದಿಕೊಂಡಿತು. ಅವ್ವನಿಗೆ ಅದರಿಂದ ಸಮಾಧಾನವೂ ಆಯಿತು, ಮತ್ತೇನೋ ಆಯಿತು.

ಹುಬ್ಬಳ್ಳಿ ಸ್ಟೇಶನ್ನಿನ ತನಕ ಅಪ್ಪನೂ ನಾನೂ ಹೋಗಿ ಕಳಿಸಿ ಬಂದೆವು. ಅವ್ವ ಬರಲಿಲ್ಲ. ಅಷ್ಟು ದೂರದ ಪ್ರಯಾಣ, ವಿಮಾನದಲ್ಲಿ ಎಳೆ ಕೂಸಿನ ಕಿವಿ ನೋಯುತ್ತದೆಂದು ಯಾರೋ ಅವಳಿಗೆ ಹೇಳಿದ್ದರು. ಆಮೇಲಿನ ದಿನಗಳಲ್ಲಿ ಹಗಲೂ ರಾತ್ರಿಯೂ ಫೋನಿನ ಹತ್ತಿರದಿಂದ ಅವಳು ಕದಲಲಿಲ್ಲ. ಮಾರ್ಕೆಟ್ಟಿಗೂ ಅಪ್ಪನನ್ನೇ ಕಳಿಸಿದಳು.

ಫೋನು ಬಂದದ್ದು ಒಂದು ಮುಂಜಾನೆ, ನಾನು ಎಂ.ಎ.ಗೆ ಹೆಸರು ಹಚ್ಚಲು ಹೊರಟಾಗ. ಅವ್ವನೇ ಎತ್ತಿದಳು. ಆ ಕಡೆಯಿಂದ ಅಕ್ಕ ಕೂಗಿ ಮಾತಾಡುತ್ತಿದ್ದುದು ನನಗೂ ಕೇಳಿಸಿತು. ‘ಅವ್ವಾ, ಮನಿಗೆ ಬಂದ್ವಿ! ಕೂಸು ಅಳಲಿಲ್ಲ! ದಾರಿ ತುಂಬ ಮಲ್ಕೊಂಡಿತ್ತು!’

‘ಹೌದ? ಛಲೋ ಆತು. ಛಲೋ ಆತು ಮಗಳ,’ ಎಂದಳು ಅವ್ವ. ಆ ಕಡೆ ಯಾರು ಯಾರೋ ಮಾತಾಡಿದರು, ಅಕ್ಕನ ತಾಯಿಯೂ ಏನೋ ಹೇಳಿದರು. ಅವ್ವ ತಿಳಿಯದ ಆ ಮಾತಿಗೆಲ್ಲ ‘ಹೂಂ, ಹೂಂ’ ಎನ್ನುತ್ತಾ ನಗುತ್ತಿದ್ದಳು.

ಫೋನು ಇಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ಚಾಪೆ ಹಾಸಿದಳು. ಬೆಳಕು ಹರಿದ ಮೇಲೆ ಅವಳು ಮಲಗಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

‘ಅಡಗಿ ನೀವ ಏನರ ಮಾಡ್ಕೊರ್ರಿ,’ ಎಂದಳು. ‘ನಾ ಒಂದೀಟು ಮಕ್ಕೋತೀನಿ.’